ಗಿರಣಿ ಅಂಗಳದಲ್ಲಿ ಕೈ ಹೇಳಿದ್ದು

ಹೂವಿನ ಹಡಗಲಿ
9 ಜೂನ್ 2024

ಗೀತಕ್ಕ,

ವಿಡಿಯೋ ಕಾಲ್‌ನಲ್ಲಿ ಹೇಳಬಹುದಾದ ಸುದ್ದಿಯನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ ಎಂದರೆ ಅದು ದೊಡ್ಡ ಸುದ್ದಿ ಎಂದು ನಿನಗೆ ಗೊತ್ತಾಗಿರಬೇಕು. ನಮ್ಮಿಬ್ಬರ ಕಾನೂನು ಅದು. ಸಣ್ಣವಳಿದ್ದಾಗ ಜಗಳ ಬಂದರೆ ನಾನು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ. ನಿನ್ನ ಕೈ ಎಷ್ಟು ಕುಣಿದರೂ ನನಗೆ ಏನೂ ತಲುಪುತ್ತಿರಲಿಲ್ಲ. ಆಗ ನೀನು ಸಿಟ್ಟಿಗೆದ್ದು ಪಾಟಿಯ ಮೇಲೆ ಬರೆದು ಬಾಗಿಲಿಗೆ ಆನಿಸಿ ಹೋಗುತ್ತಿದ್ದೆ. ಕಣ್ಣು ಬಿಟ್ಟ ಮೇಲೆ ಓದಲೇಬೇಕಲ್ಲ. ನನಗೆ ಕನ್ನಡ ಬಂದದ್ದು ಅರ್ಧ ಕಿವುಡರ ಶಾಲೆಯಿಂದ, ಅರ್ಧ ನಿನ್ನ ಬೈಗುಳದಿಂದ. ಪುಸ್ತಕದ ಹಾಗೆ ಬರೆಯುತ್ತೀ ಎಂದು ನಗಬೇಡ. ನೀವೆಲ್ಲ ಐತಿ, ಹೋತಿ ಎನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ.

ಸುದ್ದಿ ಇದು. ಕೊಟ್ಟೂರಿನ ಕಾಲೇಜೊಂದರಲ್ಲಿ ಡ್ರಾಯಿಂಗ್ ಕಲಿಸುವ ಪ್ರವೀಣಕುಮಾರ್ ಮೇಷ್ಟ್ರು ನನ್ನ ಚಿತ್ರಗಳ ಪ್ರದರ್ಶನಕ್ಕೆ ಅಲ್ಲಿನ ಹಳೆಯ ಲೈಬ್ರರಿ ಹಾಲ್ ಕೊಡಿಸಿದ್ದಾರೆ. ಸೆಪ್ಟೆಂಬರ್ ಹದಿನಾಲ್ಕರಿಂದ ಮೂರು ದಿನ. ಹನ್ನೊಂದು ಚಿತ್ರ. ಎಲ್ಲದರಲ್ಲೂ ಕೈಗಳು ಮಾತ್ರ, ಮುಖ ಒಂದೂ ಇಲ್ಲ. ಬಾಯಲ್ಲೇ ಮಾತಾಡಲಿ ಎಂದು ನಮ್ಮ ಕೈಗಳನ್ನು ಬೆಂಚಿಗೆ ಒತ್ತಿ ಹಿಡಿಯುತ್ತಿದ್ದ ಟೀಚರ್ ಒಬ್ಬರ ಕೈ ಒಂದರಲ್ಲಿದೆ. ಕರೆಂಟ್ ಹೋದಾಗ ನಾನು ಮತ್ತು ಅಂಜಿನಿ ಒಬ್ಬರ ಅಂಗೈ ಮೇಲೆ ಒಬ್ಬರು ಬರೆದು ಮಾತಾಡುವುದು ಇನ್ನೊಂದರಲ್ಲಿ.

ಎಲ್ಲಕ್ಕಿಂತ ದೊಡ್ಡದು ‘ಗಿರಣಿ ಅಂಗಳ’. ಹಿಟ್ಟಿನ ಚೀಲದ ಬಟ್ಟೆಯ ಏಳು ತುಂಡು, ಸಾಲಾಗಿ. ಒಂಬತ್ತು ವರ್ಷದ ಹಿಂದೆ ನಮ್ಮ ಕಾನಹೊಸಹಳ್ಳಿ ಗಿರಣಿಯ ಮುಂದೆ ನಿಂತು ನಾನು ಅಪ್ಪನಿಗೆ ಹೇಳಿದೆನಲ್ಲ, ಆ ಮಾತು ಹಾಗೇ ಇದೆ, ಒಂದೊಂದು ತುಂಡಿನಲ್ಲಿ ಒಂದೊಂದು ಸನ್ನೆ. ನಾನು. ಅಂಜಿನಿ. ಒಂದೇ ಮನೆ. ಸಾಯುವ ತನಕ. ಗಂಡು ಬೇಡ. ಅಪ್ಪ, ಒಪ್ಪಿಕೋ. ಏಳನೆಯದರಲ್ಲಿ ಅಪ್ಪನ ಕೈ, ನನ್ನ ತಲೆಯ ಮೇಲೆ. ನೀನು ಪಕ್ಕದಲ್ಲಿ ನಿಂತು ನನ್ನ ಮಾತನ್ನು ಬಾಯಿಂದ ಹೇಳಿ ಮುಗಿಸಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ನೆಲ ನೋಡಿ, ತಲೆಯ ಮೇಲೆ ಕೈ ಇಟ್ಟು, ಜೋಳದ ಹಿಟ್ಟಿನ ಚೀಲ ಕೊಟ್ಟು ಕಳಿಸಿದ. ನಾನು ಕಂಡ ಕಿವುಡ ಹುಡುಗಿಯರಲ್ಲಿ ಇಂಥ ಅಪ್ಪ ಇರುವವಳು ನಾನೊಬ್ಬಳೇ.

ಅಪ್ಪನನ್ನು ಕರೆದುಕೊಂಡು ಬಾ. ನಲವತ್ತು ವರ್ಷ ಗಿರಣಿಯ ಸದ್ದಿನಲ್ಲಿ ನಿಂತು ಅವನ ಕಿವಿ ಹೋಗುತ್ತಿರುವುದಕ್ಕೆ ನಾನು ಖುಷಿಪಡಬಾರದು. ಆದರೆ ಈ ವಯಸ್ಸಿನಲ್ಲಿ ಅವನು ಕೈಮಾತು ಕಲಿಯುತ್ತಿರುವುದು ನೋಡಿದರೆ ತಡೆಯಲಾಗುವುದಿಲ್ಲ. ಈ ಸಲ ನನ್ನ ಮಾತನ್ನು ಅವನು ತಾನೇ ಓದಲಿ.

ನಿನ್ನ
ಅರ್ಚನಾ


ಕಾನಹೊಸಹಳ್ಳಿ
17 ಜೂನ್ 2024

ಅರ್ಚನಾ,

ಕಾಗದ ಮುಟ್ಟಿತು. ಸಂತೋಷ ಆಯಿತು. ನಿನ್ನ ಭಾವನಿಗೂ ಓದಿ ಹೇಳಿದೆ. ಈಗ ಗಿರಣಿ ಪೂರ್ತಿ ಅವರೇ ನೋಡಿಕೊಳ್ಳುತ್ತಿದ್ದಾರೆ, ಅಪ್ಪ ಬರೀ ಕಟ್ಟೆಯ ಮೇಲೆ ಕೂತು ಬಂದವರಿಗೆ ಸನ್ನೆ ಕಲಿಸುವುದಾಗಿದೆ. ಗೋಧಿ ಸಣ್ಣಗೋ ದಪ್ಪಗೋ ಎಂದು ಬೆರಳಲ್ಲೇ ಕೇಳುತ್ತಾನೆ. ಡಾಕ್ಟರು ಕೊಟ್ಟ ಕಿವಿಯ ಮಿಷನ್ ಸಿಳ್ಳೆ ಹೊಡೆಯುತ್ತದೆಯಂತೆ, ಡಬ್ಬಿಯಲ್ಲಿಟ್ಟು ಮುಚ್ಚಿದ್ದಾನೆ.

ಕೊಟ್ಟೂರಿಗೆ ಕರೆದುಕೊಂಡು ಬರುವುದೇನೋ ಸರಿ, ಅವನಿಗೆ ಮೊಣಕಾಲು ನೋವು. ಉಜ್ಜಿನಿ ರಸ್ತೆಯ ಬಸ್ಸಿನಲ್ಲಿ ಕೂತರೆ ಇಳಿಯುವಾಗ ನಾಲ್ಕು ಜನ ಹಿಡಿಯಬೇಕು. ನೋಡೋಣ.

ಇನ್ನೊಂದು ಮಾತು. ಆ ಗಿರಣಿ ಚಿತ್ರ ಇಡಲೇಬೇಕಾ? ಉಳಿದ ಹತ್ತು ಸಾಕಲ್ಲ. ಕೊಟ್ಟೂರಿನಲ್ಲಿ ನಮ್ಮ ಗಿರಾಕಿಗಳು ಅದಾರ, ಬಂಧುಬಳಗ ಅದಾರ. ಅಪ್ಪನನ್ನು ಅಷ್ಟು ಜನರ ಮುಂದೆ ನಿಲ್ಲಿಸುವುದು ಬೇಡ ಅನ್ನಿಸಿತು. ಬೇಜಾರು ಮಾಡಿಕೊಳ್ಳಬೇಡ. ಈ ತಿಂಗಳ ಹಿಟ್ಟು ಗುರುವಾರದ ಬಸ್ಸಿಗೆ ಹಾಕಿದ್ದೇನೆ.

ನಿನ್ನ ಅಕ್ಕ
ಗೀತಾಂಜಲಿ


ಹೂವಿನ ಹಡಗಲಿ
25 ಜೂನ್ 2024

ಅಕ್ಕ,

ಬೇಜಾರು ಆಗಿದೆ. ಮೊಣಕಾಲಿನ ನೆವ ನನ್ನ ಹತ್ತಿರ ನಡೆಯುವುದಿಲ್ಲ, ಮೊನ್ನೆ ಅಪ್ಪ ವಿಡಿಯೋದಲ್ಲಿ ಏಣಿ ಹತ್ತಿ ತೋರಿಸಿದ.

ನಾಚಿಕೆ ಇರುವುದು ಅಪ್ಪನಿಗೋ ನಿನಗೋ? ಅವನಿಗೆ ಇದ್ದರೆ ಒಂಬತ್ತು ವರ್ಷ ತಿಂಗಳು ತಪ್ಪದೆ ಇಬ್ಬರಿಗಾಗುವಷ್ಟು ಹಿಟ್ಟು ಕಳಿಸುತ್ತಿದ್ದನೇ? ನಮ್ಮ ಮನೆಗೆ ಬಂದಾಗ ಒಂದೇ ಮಂಚ ನೋಡಿದ, ಏನೂ ಅನ್ನಲಿಲ್ಲ. ಗುಡೇಕೋಟೆಯಲ್ಲಿ ಅಂಜಿನಿಯ ಅಣ್ಣಂದಿರು ಅವಳ ಮುಖ ನೋಡುವುದನ್ನು ಬಿಟ್ಟಿದ್ದಾರೆ. ಅವಳು ಹಬ್ಬಕ್ಕೆ ಹೊಸ ಸೀರೆ ಉಟ್ಟರೆ ಮೊದಲು ಫೋಟೋ ಕಳಿಸುವುದು ನಮ್ಮ ಅಪ್ಪನಿಗೆ.

ಆ ಚಿತ್ರ ಇಲ್ಲದೆ ಉಳಿದ ಹತ್ತು ಬರೀ ದೂರು. ಏಳನೇ ತುಂಡಿಗಾಗಿಯೇ ನಾನು ಎಲ್ಲವನ್ನೂ ಬರೆದದ್ದು. ತೆಗೆಯುವುದಿಲ್ಲ. ನಿನಗೆ ಬರಲು ಇಷ್ಟವಿಲ್ಲದಿದ್ದರೆ ಅಪ್ಪನನ್ನು ಬಸ್ಸು ಹತ್ತಿಸು, ಇಳಿಸಿಕೊಳ್ಳಲು ನಾನು ಇರುತ್ತೇನೆ.

ಅರ್ಚನಾ


ಕಾನಹೊಸಹಳ್ಳಿ
4 ಜುಲೈ 2024

ಅರ್ಚನಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯದೆ ಅಂಚೆಗೆ ಹಾಕುತ್ತೇನೆ.

ಅವತ್ತು ನಾನು ನಿನ್ನ ಮಾತು ಅಪ್ಪನಿಗೆ ಹೇಳಲಿಲ್ಲ.

ನಿನಗೆ ಅಂಗಳ ನೆನಪಿದೆ, ನಿನ್ನ ಚಿತ್ರದಲ್ಲಿ ಎಲ್ಲ ಇದೆ. ಇಲ್ಲದ್ದು ಒಂದೇ, ಸದ್ದು. ಗಿರಣಿ ಓಡುತ್ತಿತ್ತು. ಹತ್ತು ಹನ್ನೆರಡು ಜನ ಡಬ್ಬಿ ಇಟ್ಟುಕೊಂಡು ಸರದಿ ಕಾಯುತ್ತಿದ್ದರು. ಹೆಣ್ಣು ಗಂಡು ಕೂಡಿಸುವ ಜಂಬಣ್ಣ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನೀನು ಕೈಯಲ್ಲಿ ಹೇಳಿದ್ದು ನನಗೊಬ್ಬಳಿಗೇ ತಿಳಿಯಿತು. ಅದನ್ನು ಅಪ್ಪನಿಗೆ ಮುಟ್ಟಿಸಬೇಕಾದರೆ ನಾನು ಕೂಗಬೇಕಿತ್ತು. ನನ್ನ ತಂಗಿ ಒಬ್ಬ ಹುಡುಗಿಯ ಜೊತೆ ಸಾಯುವ ತನಕ ಇರುತ್ತಾಳಂತೆ ಎಂದು ಅಷ್ಟು ಜನರ ನಡುವೆ ಗಂಟಲು ಹರಿಯುವಂತೆ ಕೂಗಬೇಕಿತ್ತು. ಅವ್ವ ತೀರಿ ಇನ್ನೂ ಎಂಟು ತಿಂಗಳು. ಬಾಯಿ ತೆಗೆದೆ, ಬೇರೆ ಮಾತು ಬಂತು. ಹಡಗಲಿಯ ಕಿವುಡರ ಶಾಲೆಯಲ್ಲಿ ಇಕಿಗೆ ಡ್ರಾಯಿಂಗ್ ಕಲಿಸುವ ಕೆಲಸ ಸಿಕ್ಕೈತಿ, ಹೊಲಿಗೆ ಕಲಿಸೋ ಅಂಜಿನಮ್ಮ ಅನ್ನಾಕಿ ರೂಮಿನಾಗ ಜಾಗ ಕೊಡ್ತಾಳಂತ, ಮದುವಿ ಮಾತು ಈಗ ಬ್ಯಾಡಂತ. ಇಷ್ಟು ಕೂಗಿದೆ. ಅಪ್ಪ ಕೈ ಇಟ್ಟದ್ದು ಆ ಕೆಲಸಕ್ಕೆ.

ಸಂಜೆ ಮಿಷನ್ ನಿಂತ ಮೇಲೆ ಸರಿ ಮಾಡೋಣ ಅಂದುಕೊಂಡೆ. ಸಂಜೆ ಅವನು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದ, ಮಗಳು ಟೀಚರ್ ಆದಳು ಎಂದು. ನಾಳೆ ಅಂದುಕೊಂಡೆ. ನಾಳೆ ಎನ್ನುವುದು ಒಂಬತ್ತು ವರ್ಷ ಆಯಿತು.

ಒಂದು ಸುಳ್ಳನ್ನು ಸಾಕುವುದಕ್ಕೆ ಎಷ್ಟು ಕೆಲಸ ಅಂತ ನಿನಗೆ ಗೊತ್ತಿಲ್ಲ. ಒಂದೇ ಮಂಚ ನೋಡಿ ಬಂದ ಅಪ್ಪ, ಪಾಪ ಹುಡುಗಿಯರಿಗೆ ಜಾಗ ಸಾಲದು ಎಂದು ಮರುವಾರ ಇನ್ನೊಂದು ಮಂಚ ಕಳಿಸಿದ, ನೀವು ಅದರ ಮೇಲೆ ಬಣ್ಣದ ಡಬ್ಬಿ ಜೋಡಿಸಿದಿರಿ. ಜಂಬಣ್ಣ ವರ್ಷಕ್ಕೆರಡು ಗಂಡು ತರುತ್ತಾನೆ, ನೀನು ಒಲ್ಲೆ ಅಂದೆಯೆಂದು ನಾನೇ ಹೇಳಿ ಕಳಿಸುತ್ತೇನೆ. ಆ ಅಂಜಿನಮ್ಮಗ ಎಲ್ಲೆರ ಮದುವಿ ಗೊತ್ತಾತೇನು ಎಂದು ಅಪ್ಪ ಪ್ರತಿ ಸಲ ಕೇಳಿದಾಗ, ಅವಳ ಆರೋಗ್ಯ ಕೇಳುತ್ತಿದ್ದಾನೆ ಎಂದು ನಿನಗೆ ಸನ್ನೆ ಮಾಡಿದ್ದೇನೆ.

ಈಗ ಅವನಿಗೆ ಕೈ ಓದಲು ಬರುತ್ತಿದೆ. ಒಂದೊಂದು ಸನ್ನೆ ಕಲಿತಾಗಲೂ ಮುಂದಿನದು ಯಾವುದೋ ಎಂದು ಲೆಕ್ಕ ಹಾಕುತ್ತೇನೆ. ಆ ಚಿತ್ರದ ಮುಂದೆ ನಿಂತರೆ ಆರು ತುಂಡನ್ನೂ ಓದುತ್ತಾನೆ. ಅವನಿಗೆ ಏನಾದರೂ ಆದರೆ? ನಿನ್ನನ್ನು ಮನೆಗೆ ಬರಬೇಡ ಅಂದರೆ? ಬೈಯುವುದಿದ್ದರೆ ನನ್ನನ್ನು ಬೈ. ಚಿತ್ರ ಮಾತ್ರ ತೆಗೆ ಎಂದು ಕೈಮುಗಿದು ಕೇಳುತ್ತೇನೆ.

ಗೀತಾ


ಹೂವಿನ ಹಡಗಲಿ
28 ಜುಲೈ 2024

ಗೀತಕ್ಕನವರಿಗೆ ಅಂಜಿನಮ್ಮ ಬರೆಯುವುದು.

ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ. ನೀವು ಹತ್ತು ಸಲ ಕಾಲ್ ಮಾಡಿದ್ದೀರಿ. ಅರ್ಚನಾ ಫೋನ್ ಬೋರಲು ಹಾಕಿ ಇಡುತ್ತಾಳೆ. ಗಿರಣಿ ಚಿತ್ರವನ್ನು ಗೋಡೆ ಕಡೆ ತಿರುಗಿಸಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ಬ್ರಷ್ ಮುಟ್ಟುವುದಿಲ್ಲ. ನಾನು ಆ ಮಾತು ಎತ್ತಿದರೆ ಕಣ್ಣು ಮುಚ್ಚುತ್ತಾಳೆ.

ನನಗೂ ಸಿಟ್ಟು ಬಂದಿದೆ. ನಾನು ಒಂಬತ್ತು ವರ್ಷ ಆ ಹಿಟ್ಟಿನ ರೊಟ್ಟಿ ತಿಂದೆ. ಮಾವ ಕಳಿಸಿದ ಹಿಟ್ಟು ಎಂದು ತಿಂದೆ. ನನಗೆ ಒಂದು ಮನೆಯಾದರೂ ಇದೆ ಎಂದು ತಿಂದೆ. ಅವರು ರೂಮಿನ ಹುಡುಗಿಗೆ ಕಳಿಸಿದ್ದರು. ಈಗ ರೊಟ್ಟಿ ತಟ್ಟುವಾಗ ಕೈ ನಿಲ್ಲುತ್ತದೆ.

ಆದರೂ ನೀವು ಬರೆದಿರಿ. ನನ್ನ ಅಣ್ಣಂದಿರು ಒಂದು ಸಾಲೂ ಬರೆದಿಲ್ಲ. ಅವಳು ಉತ್ತರ ಕೊಡುತ್ತಾಳೆ, ಸ್ವಲ್ಪ ದಿನ ಬಿಡಿ.

ಅಂಜಿನಮ್ಮ


ಹೂವಿನ ಹಡಗಲಿ
19 ಆಗಸ್ಟ್ 2024

ಅಕ್ಕ,

ಆರು ವಾರ ನಿನ್ನ ಮೇಲೆ ಸಿಟ್ಟಾಗಿದ್ದೆ, ಈಗಲೂ ಇದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೀನು ನನಗೆ ಬಾಯಿ ಆಗಿದ್ದೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಅವ್ವನ ಮಣ್ಣಿನ ದಿನ, ಎಲ್ಲ ಕಡೆ. ಏನು ಹೇಳಬೇಕು ಎನ್ನುವುದನ್ನು ನಿನಗೆ ಬಿಟ್ಟುಕೊಟ್ಟಿರಲಿಲ್ಲ. ನಾನು ಹೇಳಿದ್ದಕ್ಕೆ ಅಪ್ಪ ಹೊಡೆದಿದ್ದರೂ ಅದು ನನ್ನದೇ ಏಟು ಆಗುತ್ತಿತ್ತು. ನೀನು ಅದನ್ನು ತಪ್ಪಿಸಿದೆ, ಅದರ ಜೊತೆ ಅವನು ಕೊಡಬಹುದಾಗಿದ್ದ ಒಪ್ಪಿಗೆಯನ್ನೂ ತಪ್ಪಿಸಿದೆ. ನಾನು ಬೇರೆ ಹುಡುಗಿಯರಿಗೆ ಧೈರ್ಯ ಹೇಳುತ್ತಿದ್ದೆ, ನಮ್ಮ ಅಪ್ಪನನ್ನು ನೋಡಿ ಎಂದು. ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆದರೆ ನಿನ್ನ ಕಾಗದದ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಗಿರಣಿ ಓಡುತ್ತಿತ್ತು ಎಂದೆಯಲ್ಲ. ನನಗೆ ಕಾಲಡಿಯ ನೆಲ ಅದುರುವುದಷ್ಟೇ ಗೊತ್ತು. ಅದರಲ್ಲಿ ಮಾತಾಡಬೇಕಾದರೆ ಕೂಗಬೇಕು, ಕೂಗಿದರೆ ಊರಿಗೆಲ್ಲ ಕೇಳುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಸಾಯಂಕಾಲದ ತನಕ ಕಾಯಬಹುದಿತ್ತು ನಾನು. ಅಷ್ಟು ಮಟ್ಟಿಗೆ ನಿನ್ನನ್ನು ಕ್ಷಮಿಸಿದ್ದೇನೆ. ಉಳಿದದ್ದು ಆಮೇಲೆ.

ಚಿತ್ರ ಇರುತ್ತದೆ. ಏಳನೇ ತುಂಡನ್ನು ಬಿಚ್ಚಿ ಮನೆಯಲ್ಲಿ ಇಟ್ಟಿದ್ದೇನೆ, ಅದು ನನ್ನದಲ್ಲ. ಆರು ತುಂಡು ತೂಗುಹಾಕುತ್ತೇನೆ. ಮೊದಲ ದಿನವೇ ಅಪ್ಪನನ್ನು ಕರೆದುಕೊಂಡು ಬಾ. ಅವನಿಗೆ ಮುಂಚಿತವಾಗಿ ಏನೂ ಹೇಳಬೇಡ. ಹಾಲ್ ಒಳಗೆ ಬಂದ ಮೇಲೆ ನೀನು ಕೈ ಎತ್ತಬೇಡ, ಬಾಯಿ ತೆಗೆಯಬೇಡ. ಅವನಿಗೆ ತಿಳಿಯದಿದ್ದರೆ ನನ್ನನ್ನೇ ಕೇಳಲಿ. ಅವನು ಮನೆಗೆ ಬರಬೇಡ ಎಂದರೂ ಅದನ್ನು ನಾನು ಅವನ ಕೈಯಿಂದಲೇ ತಿಳಿಯಬೇಕು.

ಅಂಜಿನಿ ಹೆದರಿದ್ದಾಳೆ. ನಾನೂ.

ಅರ್ಚನಾ


ಕಾನಹೊಸಹಳ್ಳಿ
18 ಸೆಪ್ಟೆಂಬರ್ 2024

ಅರ್ಚನಾ,

ಅಪ್ಪ ಏನೂ ಹೇಳದೆ ಬಸ್ಸು ಹತ್ತಿದನೆಂದು ನೀನು ನಾಲ್ಕು ದಿನದಿಂದ ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಿದ್ದೀ. ಬಾಯಿಂದ ಅವನು ಬಹಳ ಹೇಳಿದ, ನಿನಗೆ ಮುಟ್ಟದ ಕಡೆ ಹೇಳಿದ. ಅದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಬರೆಯುತ್ತೇನೆ. ಇನ್ನು ಮೇಲೆ ಹಾಗೇ.

ಹಾಲ್‌ನಲ್ಲಿ ಆದದ್ದು ನಿನಗೆ ಗೊತ್ತು. ಆರು ತುಂಡಿನ ಮುಂದೆ ನಿಂತು ಅವನು ಒಂದೊಂದನ್ನೂ ತನ್ನ ಕೈಯಲ್ಲಿ ಮಾಡಿ ನೋಡಿದ. ಎರಡನೆಯದಕ್ಕೆ ಬಂದಾಗ ಅಂಜಿನಿಯ ಹೆಸರಾದ ಮೂಗುತಿಯ ಸನ್ನೆ ಮಾಡಿ, ಬಾಗಿಲ ಹತ್ತಿರ ನಿಂತಿದ್ದ ಅವಳನ್ನು ಹುಡುಕಿ ನೋಡಿದ. ನಾಲ್ಕನೆಯದು ತಿಳಿಯಲಿಲ್ಲ, ರೂಢಿಯಂತೆ ನನ್ನ ಕಡೆ ತಿರುಗಿದ. ನಾನು ಕೈ ಹಿಂದೆ ಕಟ್ಟಿಕೊಂಡು ನೆಲ ನೋಡಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಆಗ ಅವನು ನಿನ್ನನ್ನು ಕೇಳಿದ, ನೀನು ನಿಧಾನವಾಗಿ ಮಾಡಿ ತೋರಿಸಿದೆ, ಸಾಯುವ ತನಕ ಎಂದು. ಇಬ್ಬರೂನಾ ಎಂದು ಅವನು ಎರಡು ಬೆರಳು ಎತ್ತಿದ. ನೀನು ತಲೆ ಆಡಿಸಿದೆ. ಅವನು ಹೊರಗೆ ಹೋಗಿಬಿಟ್ಟ. ನೀನು ಅಲ್ಲೇ ನಿಂತುಬಿಟ್ಟೆ.

ಇನ್ನು ನಿನಗೆ ಗೊತ್ತಿಲ್ಲದ್ದು. ಕಾಲೇಜಿನ ಹಿಂದೆ ಬೇವಿನ ಮರದ ಕೆಳಗೆ ಸಿಮೆಂಟ್ ಬೆಂಚು ಇದೆ, ಅಲ್ಲಿ ಕೂತಿದ್ದ. ನಾನು ಹೋಗಿ ಎದುರಿಗೆ ನಿಂತೆ. ಗಿರಣಿ ಓಡುತ್ತಿದ್ದದ್ದು, ಜನ ಇದ್ದದ್ದು, ನಾನು ಬೇರೆ ಹೇಳಿದ್ದು, ಎಲ್ಲ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಅವತ್ತು ಕೂಗಲಾರದ್ದನ್ನು ಈ ಸಲ ಕೂಗಿದೆ ಅರ್ಚನಾ. ಅಲ್ಲಿ ಸೈಕಲ್ ನಿಲ್ಲಿಸುತ್ತಿದ್ದ ಹುಡುಗಿಯರಿಗೂ ಕೇಳಿಸಿತು.

ಅವನು ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡ. ಆಮೇಲೆ ಅಂದ: “ಆ ಹುಡುಗಿ ಇವತ್ತಲ್ಲ ನಾಳೆ ಮದುವಿ ಮಾಡ್ಕೊಂಡು ಹೋಗ್ತಾಳ, ಆಮ್ಯಾಲ ನನ್ನ ಮಗಳು ಒಬ್ಬಾಕಿನ ಅಂತ ಒಂಬತ್ತು ವರ್ಷ ನಿದ್ದಿಗೆಟ್ಟೀನಿ ಗೀತಾ. ಆಕಿ ಹೋಗಂಗಿಲ್ಲ ಅಂತ ನಿನಗ ಗೊತ್ತಿತ್ತು. ಒಂದು ಮಾತು ನನಗ ಹೇಳಿದ್ದರ ಏನಾಗ್ತಿತ್ತು?”

ಅವನ ಜೀವ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಪ್ರತಿ ಸಲ ಅಂಜಿನಿಯ ಮದುವೆ ಕೇಳುತ್ತಿದ್ದದ್ದು ಭಯದಿಂದ. ಇಲ್ಲ ಅಂದಾಗ ಅವನ ಮುಖ ಸಡಿಲವಾಗುತ್ತಿದ್ದದ್ದನ್ನು ನಾನು ನೋಡಿಯೂ ನೋಡಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಟವೆಲ್ ಕೊಟ್ಟ.

ಎಲ್ಲ ಸಲೀಸಾಯಿತು ಎಂದು ಬರೆಯುವುದಿಲ್ಲ. ಇದು ಯಾವ ನಮೂನಿ ಸಂಸಾರ, ನನಗ ತಿಳಿಯಂಗಿಲ್ಲ, ಎಂದೂ ಅಂದ. ಜನರಿಗೆ ಏನು ಹೇಳಲಿ ಎಂದ. ಬಸ್ಸು ಉಜ್ಜಿನಿ ದಾಟಿದ ಮೇಲೆ, ಹಾಲ್‌ಗೆ ಹೋಗೂ ಮೊದಲು ಚಹಾ ಕುಡಿಯುವಾಗ ಆ ಹುಡುಗಿ ನನ್ನ ಪಕ್ಕ ಕೂತು ಲೋಟ ಮುಟ್ಟಲಿಲ್ಲ, ಹೆದರಿದ್ಲು, ಸಣ್ಣಾಕಿ ಅದಾಳ ಪಾಪ, ಅಂದ. ಅರ್ಚನಾಗೆ ಯಾಕೆ ಒಂದು ಸನ್ನೆಯನ್ನೂ ಮಾಡದೆ ಬಂದೆ ಎಂದು ಅವನನ್ನು ಕೇಳಿದೆ. ಅವನಿಗೆ ಬರುವ ಸನ್ನೆಗಳಲ್ಲಿ ಅದಕ್ಕೆ ಬೇಕಾದದ್ದು ಇರಲಿಲ್ಲವಂತೆ. ಗೋಧಿ, ಜೋಳ, ಸಣ್ಣಗೆ, ದಪ್ಪಗೆ, ಅಷ್ಟರಲ್ಲಿ ಏನು ಹೇಳಲಿ ಎಂದ.

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿದೆ. ಮೂರು ದಿನದಿಂದ ಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತೇನೆ, ನಿನ್ನ ಭಾವ ಹೆದರಿದ್ದಾರೆ. ನೀನು ಇನ್ನೂ ಸಿಟ್ಟಾಗಿದ್ದರೆ ಆಗಿರು. ನಾನು ಕಾಯುತ್ತೇನೆ.

ನಿನ್ನ ಅಕ್ಕ
ಗೀತಾ


ಕಾನಹೊಸಹಳ್ಳಿ
ದಿನಾಂಕ 3-10-2024

ಚಿ. ಅರ್ಚನಾ ಮತ್ತು ಚಿ. ಅಂಜಿನಮ್ಮ ಇವರಿಗೆ ಆಶೀರ್ವಾದ.

ನಾನು ಏಳನೇತ್ತಿ ತನಕ ಓದಿದವ. ಗಿರಣಿ ಚೀಟಿ ಬರದು ರೂಢಿ, ಕಾಗದ ಬರದು ರೂಢಿ ಇಲ್ಲ. ಅಕ್ಷರ ದಪ್ಪ ಬಂದಾವ, ಓದಿಕೊಳ್ರಿ.

ಅರ್ಚನಾ, ನಿನಗ ಮೂವತ್ಮೂರು ವರ್ಷ ಆತು. ಇಷ್ಟು ವರ್ಷದಾಗ ನಾನು ನಿನ್ನ ಜೊತಿ ಒಂದು ಮಾತೂ ನೇರ ಆಡಿಲ್ಲ ಅಂತ ಕೊಟ್ಟೂರಾಗ ತಿಳೀತು. ಏನಂತಾಳ ಕೇಳು ಗೀತಾ, ಹಿಂಗ ಹೇಳು ಗೀತಾ, ಅಷ್ಟರಾಗ ಮುಗಿಸಿದೆ. ತಪ್ಪು ಆಕಿದು ಒಬ್ಬಾಕಿದ ಅಲ್ಲ. ಕೈ ನನಗೂ ಇದ್ದವು, ಆವಾಗ ಕಲಿಬೇಕಿತ್ತು. ಅಕ್ಕನ ಮ್ಯಾಲ ಭಾಳ ದಿನ ಸಿಟ್ಟು ಇಟ್ಕೋಬ್ಯಾಡ.

ಮೊನ್ನೆ ಜಂಬಣ್ಣ ಬಂದಿದ್ದ. ಹರಪನಹಳ್ಳಿ ಕಡಿ ಒಂದು ಗಂಡು ಐತಿ, ಹೆಂಡ್ತಿ ತೀರಿಕೊಂಡಾಳ, ಎರಡು ಎಕರೆ ನೀರಾವರಿ ಅಂದ. ಗೀತಾ ಒಳಗಿಂದ ಬಂದು ಏನೋ ಹೇಳಾಕ ಬಾಯಿ ತಗದ್ಲು. ನಾನ ಹೇಳ್ತೀನಿ ಸುಮ್ನಿರು ಅಂದೆ. ಆಕಿ ಮನಿ ಆಗ್ಯೈತಿ, ಇನ್ನ ನಮ್ಮ ಕಟ್ಟಿಗೆ ಗಂಡು ತರಬ್ಯಾಡ ಅಂತ ಹೇಳಿ ಕಳಿಸೀನಿ. ಯಾರ ಜೊತಿ ಅಂತ ಕೇಳಿದ. ಕಿವಿ ಕೇಳಂಗಿಲ್ಲ ಅಂದೆ. ಎಲ್ಲಾರಿಗೂ ಎಲ್ಲ ಹೇಳಾಕ ನನಗ ಇನ್ನೂ ಬರಂಗಿಲ್ಲ. ಸಾವಕಾಶ ಕಲಿತೀನಿ.

ಅಂಜಿನಮ್ಮ, ನಿಮ್ಮ ಅಣ್ಣಂದಿರ ವಿಷಯ ತಿಳೀತು. ನಾನು ಹೋಗಿ ಮಾತಾಡಿದರ ಕೇಳತಾರೇನು, ಇನ್ನೂ ಕೆಡ್ತೈತೇನು, ನೀನ ಹೇಳು. ನೀನು ಬ್ಯಾಡ ಅಂದರ ಹೋಗಂಗಿಲ್ಲ. ದೀಪಾವಳಿಗೆ ಇಬ್ಬರೂ ಬರ್ರಿ. ಅಟ್ಟದ ಮ್ಯಾಲಿನ ಕೋಲಿಗೆ ಸುಣ್ಣ ಬಳಿಸೀನಿ. ಮಂಚ ಒಂದ ಹಾಕೀನಿ.

ಈ ಕಾಗದ ಗೀತಾಗ ತೋರಿಸಿಲ್ಲ. ಏನು ಬರದಿ ಅಪ್ಪ ಅಂತ ಎರಡು ಸಲ ಕೇಳಿದ್ಲು. ನಿನಗ್ಯಾಕ ಅಂದೆ.

ಇಂತಿ,
ನಿಮ್ಮಿಬ್ಬರ ಅಪ್ಪ
ಶಿವಯೋಗಪ್ಪ